ಮೊಟ್ಟೆ ನೋಡಲು ಒಂದು ನಮಾನ್ ಮರಿಯೆ

ಪುತ್ತೂರು ಸ್ಟೇಷನ್

ಟಕ್, ಟಕ್, ಟಕ್, ಟಕ್. ಕಾನ್ವೆಂಟಿನಲ್ಲಿ ಸಿಸ್ಟರ್ ಮರದ ಸ್ಕೇಲನ್ನು ಮೇಜಿನ ಅಂಚಿಗೆ ಬಡಿಯುತ್ತಿದ್ದರಲ್ಲ, ಅದೇ ಸದ್ದು. ಅದು ಕೇಳಿದರೆ ಈಗಲೂ ನನ್ನ ಬೆನ್ನು ತಾನಾಗಿ ನೆಟ್ಟಗಾಗುತ್ತದೆ. ಈ ಪ್ರವಾಸವನ್ನು ನೆನೆದಾಗಲೆಲ್ಲ ಮೊದಲು ಕಿವಿಗೆ ಬರುವುದು ಆ ಟಕ್ ಟಕ್. ಬಂದದ್ದು ಮಾತ್ರ ಪುತ್ತೂರು ಸ್ಟೇಷನ್ನಿನ ಪ್ಲಾಟ್‌ಫಾರ್ಮಿನಲ್ಲಿ, ಕುಶಾಲಪ್ಪನ ಶರ್ಟಿನ ಜೇಬಿನೊಳಗಿಂದ.

ನಮ್ಮ ಇಂಗ್ಲೆಂಡಿನ ಕನ್ನಡದವರು ಸ್ವಿಟ್ಜರ್‌ಲ್ಯಾಂಡಿಗೆ ಹೋಗಿ ಬಂದು ಹಿಮ ಬೆಳ್ಳಗಿತ್ತು ಎಂದು ಪುಟಗಟ್ಟಲೆ ಬರೆಯುತ್ತಾರೆ. ನಾನು ಈ ಸಲ ಫಾರಿನ್ನಿಗೆ ಹೋದದ್ದು ಪುತ್ತೂರಿಗೆ. ನಗಬೇಡಿ. ಮದುವೆಯಾಗಿ ನಾರ್ಫೋಕಿನ ಕಡಲ ದಂಡೆಗೆ ಬಂದು ಇಲ್ಲೇ ಮುದುಕಿಯಾದ ನನ್ನ ಪಾಸ್‌ಪೋರ್ಟಿನ ಬಣ್ಣ ಬೇರೆ. ಏರ್‌ಪೋರ್ಟಿನಲ್ಲಿ ನನ್ನನ್ನು ಫಾರಿನರ್ಸ್ ಸಾಲಿನಲ್ಲಿ ನಿಲ್ಲಿಸಿ, "ಪರ್ಪಸ್ ಆಫ್ ವಿಸಿಟ್?" ಎಂದು ಕೇಳಿದರು. "ಮೊಟ್ಟೆ ನೋಡಲಿಕ್ಕೆ" ಎಂದೆ. ಆ ಆಫೀಸರ್ ನನ್ನ ಮುಖವನ್ನೂ ಬಿಳಿ ಕೂದಲನ್ನೂ ನೋಡಿ, ಕನಿಕರದಿಂದ ಠಸ್ಸೆ ಒತ್ತಿದರು.

ಕರೆದವನು ಕುಶಾಲಪ್ಪ. ಸುಳ್ಯದಲ್ಲಿ ದನದ ಡಾಕ್ಟರನಾಗಿದ್ದು ರಿಟೈರ್ ಆದವನು. ಚಿಕ್ಕವನಿದ್ದಾಗ ನರಿಮೊಗರಿನ ನಮ್ಮ ಮನೆಯಲ್ಲಿದ್ದುಕೊಂಡು ಶಾಲೆಗೆ ಹೋಗುತ್ತಿದ್ದ. ತೀರಿಹೋದ ನನ್ನ ಅಣ್ಣ ಲಾರೆನ್ಸನ ಜೀವದ ಗೆಳೆಯ. ನೆಲದ ಮೇಲೆ ಮೊಟ್ಟೆಯಿಡುವ ಹಕ್ಕಿಗಳೆಂದರೆ ಇಬ್ಬರಿಗೂ ಹುಚ್ಚು. ಅಣ್ಣ ದೊಡ್ಡವನಾಗಿ ಹುಚ್ಚು ಬಿಟ್ಟ, ಇವನು ಕ್ಯಾಮೆರಾ ಕೊಂಡ. ಫೋನಿನಲ್ಲಿ ಇವನು ಕೊಟ್ಟ ಆರ್ಡರ್ ಹೀಗಿತ್ತು: "ರೈಲಿನಿಂದ ಇಳಿದ ಕೂಡಲೇ ನನಗೆ ಕಾಲ್ ಮಾಡು. ಟಕ್ ಟಕ್ ಎಲ್ಲಿ ಕೇಳ್ತದೋ ಅಲ್ಲಿಗೆ ಬಾ. ಅದು ನತ್ತಿಂಗನ ಕೂಗು, ಆ ರಾತ್ರಿ ಹಕ್ಕಿಯದ್ದು, ನನ್ನ ರಿಂಗ್‌ಟೋನ್."

ಸ್ಟೈಲ್ ಮಾಡುತ್ತಿದ್ದಾನೆ ಅಂದುಕೊಂಡೆ. ಸದ್ದಿನ ಜಾಡು ಹಿಡಿದು ಎದುರು ಹೋಗಿ ನಿಂತರೆ ಈತ ನನ್ನ ಪಕ್ಕದ ಕಂಬವನ್ನು ನೋಡುತ್ತ, "ಎಂತ ಗ್ರೇಸಿ, ಫಾರಿನ್ ಚಳಿಗೆ ಕುಗ್ಗಿ ಕುಳ್ಳಿ ಆಗಿದ್ದೀಯಲ್ಲ ಮಾರಾಯ್ತಿ!" ಅಂದ.

"ನಾನು ಇಲ್ಲಿದ್ದೇನೆ. ಆ ಕಂಬ ಹುಟ್ಟಿದಾಗಿಂದ ಅಷ್ಟೇ ಉದ್ದ."

"ಗೊತ್ತುಂಟು. ನಿನ್ನನ್ನೇ ನೋಡ್ತಾ ಇರುದು." ಆಮೇಲೆ, ಹಸುವಿನ ಕಾಯಿಲೆ ವಿವರಿಸುವ ಹಾಗೆ ವಿವರಿಸಿದ. ಕಣ್ಣಿನ ನಡುಭಾಗ ಹೋಗಿದೆ. "ನೇರ ನೋಡಿದ್ರೆ, ಎಂತ ನೋಡಬೇಕೋ ಅದೊಂದು ಕಾಣುದಿಲ್ಲ, ಸುತ್ತ ಇದ್ದದ್ದೆಲ್ಲ ಕಾಣ್ತದೆ. ನಿನ್ನನ್ನು ನೋಡ್ಲಿಕ್ಕೆ ಕಂಬ ನೋಡಬೇಕು. ಕಂಬ ನೋಡ್ಲಿಕ್ಕೆ ನಿನ್ನನ್ನು ನೋಡಬೇಕು. ಅದೂ ಈ ಮಳೆಗಾಲ ಕಳೆದ ಮೇಲೆ ಇರ್ತದೆ ಅಂತ ಇಲ್ಲವಂತೆ."

ನಾನು ಹೇಳಬೇಕಾದ್ದು ಬಹಳ ಇತ್ತು. ಕಾನ್ವೆಂಟಿನಲ್ಲಿ ಕಲಿಸಿದ್ದರಿಂದ "ಐ ಆ್ಯಮ್ ಸೋ ಸಾರಿ" ಅಂದೆ.

"ಸಾರಿ ಬೇಡ. ಟಿಟ್ಟಿಭ, ಕೌಜುಗ, ಬಾನಾಡಿ, ನೆಲದಲ್ಲಿ ಮೊಟ್ಟೆ ಇಡುವ ನಮ್ಮ ಕಡೆಯದ್ದೆಲ್ಲ ನನ್ನ ಫೋಟೋದಲ್ಲಿ ಉಂಟು. ನತ್ತಿಂಗನ ಮೊಟ್ಟೆ ಮಾತ್ರ ಸಿಕ್ಕಿಲ್ಲ. ಕಣ್ಣು ಪೂರ ಹೋಗುವ ಮೊದಲು ಅದೊಂದು ನೋಡಬೇಕು. ನನ್ನ ಮಗಳಿಗೆ ಹೇಳಿದ್ರೆ ಯೂಟ್ಯೂಬಲ್ಲಿ ತೋರಿಸ್ತೇನೆ ಅಂತಾಳೆ."

ಕೆದಂಬಾಡಿ

ನಮ್ಮ ಸಾರಥಿ ಹಮೀದಾಕ, ಅಂದರೆ ಹಮೀದಣ್ಣ. ಗಲ್ಫಿನಲ್ಲಿ ಬಹಳ ವರ್ಷ ಟ್ರಕ್ ಓಡಿಸಿ ಬಂದು ಈಗ ಸ್ವಂತ ಜೀಪು ಇಟ್ಟುಕೊಂಡಿರುವವರು. ಅವರ ಮನೆಮಾತು ಬ್ಯಾರಿ. ಕುಶಾಲಪ್ಪನ ಹತ್ತಿರ ತುಳು, ನನ್ನ ಹತ್ತಿರ ಕನ್ನಡ, ಜೀಪಿನ ಹತ್ತಿರ ಅರಬಿ. ಇಡೀ ದಾರಿ ಅವರದ್ದೊಂದೇ ಪ್ರಶ್ನೆ.

"ಅಲ್ಲ ಟೀಚರೇ, ಮೊಟ್ಟೆ ಫೋಟೋ ತೆಗೀಲಿಕ್ಕೆ ಇಂಗ್ಲೆಂಡಿಂದ ಬರುದಾ? ನಮ್ಮ ಮನೇಲಿ ಕೋಳಿ ಉಂಟು. ಹೇಳಿದ್ರೆ ಪೋಸ್ ಕೂಡ ಕೊಡ್ತದೆ."

ನಾನು ಟೀಚರಲ್ಲ, ಲೈಬ್ರರಿಯಲ್ಲಿದ್ದವಳು. ಆದರೆ ಈ ಊರಿನಲ್ಲಿ ಕನ್ನಡಕ ಹಾಕಿದ, ಬಾಯಲ್ಲಿ ಇಂಗ್ಲಿಷ್ ಬರುವ ಮುದುಕಿಗೆ ಬೇರೆ ಕೆಲಸ ಇರಲು ಸಾಧ್ಯವಿಲ್ಲ.

ನತ್ತಿಂಗನ ಮೊದಲು ಕೈ ಪಳಗಿಸಲು ಟಿಟ್ಟಿಭ. ಕೆದಂಬಾಡಿಯ ಹತ್ತಿರ ಒಂದು ಪದವು ಇದೆ. ಪದವು ಎಂದರೆ ಮರವಿಲ್ಲದ, ಬೆಂಚಿನ ಹಾಗೆ ಚಪ್ಪಟೆಯಾದ ಮುರಕಲ್ಲಿನ ಬಯಲು. ಅದರ ನಡುವೆ, ಗೂಡು ಎಂದು ಕರೆದರೆ ಗೂಡಿಗೆ ಅವಮಾನ, ಅಂಗೈಯಷ್ಟು ತಗ್ಗು, ಸುತ್ತ ನಾಲ್ಕು ಹರಳು. ಅದರಲ್ಲಿ ನಾಲ್ಕು ಮೊಟ್ಟೆ. ಚೂಪು ತುದಿಗಳೆಲ್ಲ ಒಳಗೆ ಸೇರಿ ಹೂವಿನ ದಳದ ಹಾಗೆ ಕೂತಿರುತ್ತವೆ. ಬಣ್ಣ ಆ ಕಲ್ಲಿನದೇ. ಯಾರೂ ಗಾಡಿ ಹತ್ತಿಸದಿರಲಿ ಎಂದು ಕುಶಾಲಪ್ಪ ಹಿಂದಿನ ದಿನ ಹಮೀದಾಕನಿಂದ ಅದರ ಸುತ್ತ ದೊಡ್ಡದಾಗಿ ಸುಣ್ಣದ ವೃತ್ತ ಎಳೆಸಿದ್ದ. ನಮ್ಮ ನಾರ್ಫೋಕಿನಲ್ಲೂ ಹೀಗೇ. ಕಡಲಹಕ್ಕಿಗಳು ಮರಳಿನಲ್ಲಿ ಮೊಟ್ಟೆಯಿಡುವಾಗ ಹಗ್ಗ ಕಟ್ಟಿ, ನನ್ನಂಥ ಮುದುಕಿಯರನ್ನು ಮಡಚುವ ಕುರ್ಚಿಯಲ್ಲಿ ಕಾವಲು ಕೂರಿಸುತ್ತಾರೆ. ಜನ ಸಾರಿ ಹೇಳಿ ಸುತ್ತು ಹಾಕಿ ಹೋಗುತ್ತಾರೆ. ಆಮೇಲೆ ನರಿ ಬಂದು, ಸಾರಿ ಹೇಳದೆ, ತಿಂದು ಹೋಗುತ್ತದೆ.

ಪುತ್ತೂರು ತಾಲೂಕಿನಲ್ಲಿ ಬಯಲ ಮೇಲೆ ಸುಣ್ಣದ ಗೆರೆ ಕಂಡರೆ ಅರ್ಥ ಒಂದೇ ಎಂಬುದು ನಮಗಿಬ್ಬರಿಗೂ ಹೊಳೆದಿರಲಿಲ್ಲ. ನಾವು ತಲುಪುವಷ್ಟರಲ್ಲಿ ಜನ ಸೇರಿಯಾಗಿತ್ತು.

"ಹೈವೇ ಬರುದಂತೆ."

"ಹೈವೇ ಆದ್ರೆ ಗೆರೆ ಉದ್ದಕ್ಕೆ ಹೋಗಬೇಕಲ್ಲ? ಇದು ರೌಂಡ್ ಉಂಟು. ಇದು ಸರ್ಕಲ್."

"ಸರ್ಕಲ್ಲಾ? ಹಾಗಾದ್ರೆ ಹೆಸರು ಎಂತ ಇಡುದು?"

ರಸ್ತೆಯೇ ಇಲ್ಲದ ಬಯಲಲ್ಲಿ ಸರ್ಕಲ್ಲಿಗೆ ಹೆಸರು ಹುಡುಕುವ ಕೆಲಸ ಶುರುವಾಯಿತು. ದಪ್ಪ ಮೀಸೆಯವರೊಬ್ಬರು ತಮ್ಮ ಅಜ್ಜನ ಹೆಸರು ಹೇಳಿದರು. "ನಿಮ್ಮ ಅಜ್ಜ ಈ ಪದವಿಗೆ ದನ ಮೇಯಿಸ್ಲಿಕ್ಕೆ ಬಿಟ್ಟದ್ದು ಬಿಟ್ರೆ ಎಂತ ಮಾಡಿದ್ದಾರೆ?" ಎಂದು ಇನ್ನೊಬ್ಬರು. "ನಿಮ್ಮ ಅಜ್ಜ ಅದೂ ಮಾಡ್ಲಿಲ್ಲವಲ್ಲ!" ಮೂರನೆಯವರು ಸರ್ಕಲ್ಲಿನಲ್ಲಿ ಪ್ರತಿಮೆ ಬರಬೇಕು, ಅದರ ಮುಖ ತಮ್ಮ ಅಂಗಡಿಯ ಕಡೆ ಇರಬೇಕು ಎಂದರು. ಮೇಲೆ ಟಿಟ್ಟಿಭದ ಜೋಡಿ ಕಿರುಚುತ್ತ ಸುತ್ತುತ್ತಿತ್ತು. ಅದು ಯಾರ ಕಿವಿಗೂ ಬೀಳಲಿಲ್ಲ, ಇವರದ್ದೇ ಜೋರಿತ್ತು.

ಕುಶಾಲಪ್ಪ ನನ್ನ ತೋಳು ಜಗ್ಗಿದ. "ಗ್ರೇಸಿ, ಬಿಸಿಲಿಗೆ ಮೊಟ್ಟೆ ಬೇಯ್ತದೆ. ಈ ಕಲ್ಲು ಈಗ ದೋಸೆ ಕಾವಲಿ."

ನಾನು ಕೊಡೆ ಬಿಚ್ಚಿ ಹೋಗಿ ಮೊಟ್ಟೆಗಳಿಗೆ ನೆರಳು ಹಿಡಿದು ನಿಂತೆ. ಅದು ಇನ್ನೂ ದೊಡ್ಡ ತಪ್ಪಾಯಿತು. ಕೊಡೆ ಹಿಡಿದ ಹೆಂಗಸು ವೃತ್ತದ ನಡುವೆ ನಿಂತರೆ ಇಂಜಿನಿಯರ್ರೇ ಬಂದರು ಎಂದಾಯಿತು. ಎಲ್ಲರೂ ನನ್ನ ಕಡೆಗೇ ಬರತೊಡಗಿದರು. ನನಗೆ ಬೇರೆ ದಾರಿ ಕಾಣಲಿಲ್ಲ. ಸಿಸ್ಟರನ್ನು ನೆನೆದು, ಬೆನ್ನು ನೆಟ್ಟಗೆ ಮಾಡಿ, ಮೂಗಿನಿಂದ ಇಂಗ್ಲಿಷ್ ಬಿಟ್ಟೆ: "ಜೆಂಟಲ್‌ಮೆನ್! ದಿ ಸರ್ಕಲ್ ಈಸ್ ಕ್ಯಾನ್ಸಲ್ಡ್. ಗೋ ಹೋಮ್ ಅಟ್ ಒನ್ಸ್!"

ಸದ್ದಡಗಿತು. ಇಂಗ್ಲೆಂಡಿನಲ್ಲಿ ನನ್ನ ಇಂಗ್ಲಿಷಿಗೆ ಒಂದು ನಾಯಿಯೂ ಕುಳಿತದ್ದಿಲ್ಲ. ಇಲ್ಲಿ ಊರಿಗೆ ಊರೇ ತಿರುಗಿ ನಡೆಯಿತು. ದಪ್ಪ ಮೀಸೆಯವರಿಗೆ ಎದುರು ಹೇಳಿದವರು ಮಾತ್ರ ಹಿಂದಿರುಗಿ ಮೆಲ್ಲಗೆ ಕೇಳಿದರು, "ಸ್ಟೇ ಬಂತಾ ಮೇಡಂ?"

"ಯೆಸ್" ಎಂದೆ.

"ಒಳ್ಳೇದಾಯ್ತು. ಅವರ ಅಜ್ಜನ ಹೆಸರು ಇಟ್ಟಿದ್ರೆ ನಾವು ಬಸ್ಸಲ್ಲಿ ಟಿಕೆಟ್ ಕೇಳುವಾಗ ಅದನ್ನೇ ಹೇಳಬೇಕಿತ್ತು."

ನಾವು ಜೀಪಿನೊಳಗೆ ಕೂತು ಕಾದೆವು. ಒಂದು ಹಕ್ಕಿ ಎಲ್ಲಿಗೋ ಹೋಗಿತ್ತು. ಮರಳಿ ಬಂದಾಗ ಅದರ ಹೊಟ್ಟೆಯ ಗರಿ ತೊಯ್ದಿತ್ತು. ಎಲ್ಲೋ ನೀರಿನಲ್ಲಿ ಕೂತು, ಹೊಟ್ಟೆ ನೆನೆಸಿಕೊಂಡು, ಆ ತಂಪನ್ನು ಹೊತ್ತು ತಂದು ಮೊಟ್ಟೆಗಳ ಮೇಲೆ ಹರಡಿತು. ಸೆಖೆಗಾಲದಲ್ಲಿ ಕಾವು ಕೊಡುವುದೆಂದರೆ ಇವುಗಳಿಗೆ ತಂಪು ಕೊಡುವುದು. "ಕೂತಿತಾ?" ಎಂದ ಕುಶಾಲಪ್ಪ. ಕೂತಿತು ಎಂದೆ. ಅವನು ಡ್ಯಾಶ್‌ಬೋರ್ಡ್ ನೋಡುತ್ತ ತುಟಿ ಅಲ್ಲಾಡಿಸತೊಡಗಿದ.

ಆಗ ನನಗೆ ಅಮ್ಮನ ರೂಲ್ ನೆನಪಾಯಿತು. ನರಿಮೊಗರಿನಲ್ಲಿ ಅಣ್ಣನೂ ಇವನೂ ಗೂಡು ಹುಡುಕಿ ಗಂಟೆಗಟ್ಟಲೆ ಅದರ ಮುಂದೆ ಕೂರುತ್ತಿದ್ದರು. ತಾಯಿಹಕ್ಕಿ ಗೂಡಿಗೆ ಬರುತ್ತಿರಲಿಲ್ಲ. ಅಮ್ಮ ಕಾನೂನು ಮಾಡಿದಳು: ಒಂದು ನಮಾನ್ ಮರಿಯೆ ಹೇಳುವಷ್ಟು ಹೊತ್ತು ನೋಡಿ, ಆಮೆನ್ ಅಂದ ಕೂಡಲೇ ತಿರುಗಿ ಬರಬೇಕು. ನಮ್ಮ ಕೊಂಕಣಿಯಲ್ಲಿ ಮಾತೆ ಮರಿಯಮ್ಮನಿಗೆ ಹೇಳುವ ಸಣ್ಣ ಪ್ರಾರ್ಥನೆ ಅದು. ಸುಳ್ಯದ ಗೌಡರ ಹುಡುಗ ಕುಶಾಲಪ್ಪ ಅದನ್ನು ನಮಗಿಂತ ಸ್ಪಷ್ಟವಾಗಿ ಕಲಿತ. ಜೀವಮಾನವಿಡೀ ಪ್ರತಿ ಮೊಟ್ಟೆಯ ಮುಂದೆ ಅದನ್ನೇ ಹೇಳಿ ಒಂದೇ ಒಂದು ಫೋಟೋ ತೆಗೆದು ಬಂದಿದ್ದಾನೆ. ನಾನೋ, ಇಂಗ್ಲೆಂಡಿನಲ್ಲಿ ಅದನ್ನು ಹೇಳುವುದನ್ನೇ ಬಿಟ್ಟಿದ್ದೆ.

"ಆಮೆನ್" ಅಂದ ಕುಶಾಲಪ್ಪ. "ಹಮೀದಾ, ಗಾಡಿ ತೆಗಿ."

ಸುಳ್ಯ

ನಮ್ಮ ಜಿಲ್ಲೆಗೆ ಬಂದವರು ಸನ್ಮಾನ ಮಾಡಿಸಿಕೊಳ್ಳದೆ ತಪ್ಪಿಸಿಕೊಳ್ಳುವುದು ಕಷ್ಟ. ಇಂಗ್ಲೆಂಡಿನಿಂದ ಪಕ್ಷಿ ತಜ್ಞೆ ಬಂದಿದ್ದಾಳೆ ಎಂಬ ಸುದ್ದಿ ಸುಳ್ಯದ ಪಕ್ಷಿ ಛಾಯಾಗ್ರಾಹಕರಿಗೆ ಹೇಗೋ ಹೋಯಿತು. ಸಂಜೆಯೊಳಗೆ ಒಂದು ಹಾಲ್, ಒಂದು ಬ್ಯಾನರ್. ನಾನು ಕಡಲ ದಂಡೆಯಲ್ಲಿ ಕುರ್ಚಿ ಹಾಕಿ ಕೂರುವವಳು ಮಾತ್ರ ಎಂದು ಎಷ್ಟು ಹೇಳಿದರೂ, "ಎಷ್ಟು ಸಿಂಪಲ್ ನೋಡಿ!" ಎಂದು ಚಪ್ಪಾಳೆ ತಟ್ಟಿದರು. ಶಾಲು, ಹಣ್ಣಿನ ಬುಟ್ಟಿ, ತಲೆಗೆ ಪೇಟ. ಪೇಟದ ಗರಿ ಸೀಲಿಂಗ್ ಫ್ಯಾನಿಗೆ ತಾಗುತ್ತದೋ ಎಂಬ ಭಯದಲ್ಲಿ ನಾನು ಇಡೀ ಸಭೆ ಬಗ್ಗಿಯೇ ಕೂತೆ. ಅದನ್ನೂ ವಿನಯ ಎಂದುಕೊಂಡರು.

ಎಲ್ಲರೂ ಎಲೆ ಚಿತ್ತಾರದ ಮಿಲಿಟರಿ ಬಟ್ಟೆಯಲ್ಲಿದ್ದರು. ಹಕ್ಕಿಗೆ ಕಾಣಬಾರದಂತೆ. ಅದೇ ಬಟ್ಟೆಯ ಮೇಲೆ ಕೆಂಪು ಬ್ಯಾಡ್ಜ್. ವಿಷಯ: ಗೂಡಿನ ಛಾಯಾಗ್ರಹಣದಲ್ಲಿ ನೈತಿಕತೆ. ಅಧ್ಯಕ್ಷರು ನೈತಿಕತೆಯ ಬಗ್ಗೆ ಚೆನ್ನಾಗಿ ಮಾತಾಡಿ, ಪರದೆಯ ಮೇಲೆ ತಮ್ಮ ಪ್ರಶಸ್ತಿ ಬಂದ ಫೋಟೋ ಹಾಕಿದರು. ಟಿಟ್ಟಿಭದ ಮೊಟ್ಟೆ. ಹಾಲ್ ಪೂರ ವಾವ್.

ಕುಶಾಲಪ್ಪ ನನ್ನ ಕಿವಿಗೆ ಬಾಗಿದ. "ತುದಿ ಎತ್ತ ಉಂಟು?"

"ಎಂಥ ತುದಿ?"

"ಮೊಟ್ಟೆಯ ಚೂಪು ತುದಿ, ಮಾರಾಯ್ತಿ. ಒಳಗಾ ಹೊರಗಾ?"

ನೋಡಿದೆ. ನಾಲ್ಕೂ ಹೊರಗೆ, ನಕ್ಷತ್ರದ ಹಾಗೆ. ಹೇಳಿದೆ. ಕುಶಾಲಪ್ಪ ಎದ್ದು ನಿಂತ. ಎದುರಿಗಿದ್ದ ಹಣ್ಣಿನ ಬುಟ್ಟಿಯನ್ನು ನೋಡುತ್ತ ಅಧ್ಯಕ್ಷರನ್ನು ಕೇಳಿದ, "ಸ್ವಾಮೀ, ಮೊಟ್ಟೆ ತಿರುಗಿಸಿದ್ದು ಹಕ್ಕಿಯಾ, ನೀವಾ?"

"ಕಂಪೋಸಿಷನ್ನಿಗೆ ಸ್ವಲ್ಪ ಅಡ್ಜಸ್ಟ್ ಮಾಡಿದ್ದು ಡಾಕ್ಟ್ರೇ."

"ಹುಲ್ಲು?"

"ಕ್ಲೀನ್ ಮಾಡಿದ್ದು. ಡಿಸ್ಟರ್ಬ್ ಆಗ್ತಿತ್ತು."

"ಯಾರಿಗೆ?"

"ಫ್ರೇಮಿಗೆ."

"ಮತ್ತೆ ಮರಿ ಆಯ್ತಾ?"

ಅಧ್ಯಕ್ಷರು ವಂದನಾರ್ಪಣೆಯವರನ್ನು ಕರೆದರು. ಹೊರಗೆ ಬಜ್ಜಿ ತಿನ್ನುವಾಗ ಎಲ್ಲರದ್ದೂ ಒಂದೇ ಪ್ರಶ್ನೆ: "ಡಾಕ್ಟ್ರೇ, ನತ್ತಿಂಗ ಎಲ್ಲಿ ಉಂಟಂತೆ? ಲೊಕೇಶನ್ ಹಾಕಿ, ನಾವೂ ಬರ್ತೇವೆ, ಒಟ್ಟಿಗೆ ಹೋಗುವ."

"ಎಂತ ಗೊತ್ತಿಲ್ಲ," ಎಂದ ಕುಶಾಲಪ್ಪ. "ನನಗೆ ಕಣ್ಣೇ ಕಾಣುದಿಲ್ಲವಲ್ಲ."

ಮನೆಯಲ್ಲಿ ಅವನ ಮಗಳು ನಮಗೆ ಊಟ ಬಡಿಸುತ್ತ ಅಪ್ಪನನ್ನು ಬೈದಳು, ನನ್ನನ್ನೂ ಸೇರಿಸಿ. "ನಿಮಗಾದ್ರೂ ಬುದ್ಧಿ ಬೇಡ್ವಾ ಆಂಟಿ? ರಬ್ಬರ್ ತೋಟದಲ್ಲಿ ಬಿದ್ದು ಸೊಂಟ ಮುರಿದ್ರೆ ಯಾರು ನೋಡುದು?" ಕುಶಾಲಪ್ಪ ಅನ್ನ ಕಲಸುತ್ತಿದ್ದ. ನನಗೆ ಕೇಳುವಷ್ಟೇ ಮೆಲ್ಲಗೆ ಅಂದ: "ನಾಳೆ ಸಿಕ್ಕದಿದ್ರೆ ಇನ್ನು ಇಲ್ಲ, ಗ್ರೇಸಿ. ಮುಂದಿನ ಸಲ ಅದು ಮೊಟ್ಟೆ ಇಡುವಾಗ ನನಗೆ ಎಲೆಯೂ ಕಾಣುದಿಲ್ಲ."

ಗುಂಡ್ಯ

ನಾವು ಹೋಗಬೇಕಾದ್ದು ಕಡಬದ ಕಡೆಗೆ. ಕುಶಾಲಪ್ಪನ ನೆಂಟರೊಬ್ಬರ ರಬ್ಬರ್ ತೋಟ ಅಲ್ಲಿದೆ. ಹೋದ ತಿಂಗಳು ಸಂಜೆ ಅಲ್ಲಿ ಅವನಿಗೆ ಟಕ್ ಟಕ್ ಕೇಳಿತ್ತು. ಆದರೆ ಸುಳ್ಯ ದಾಟಿದ ಮೇಲೆ ಹಮೀದಾಕ ಕನ್ನಡಿ ನೋಡಿ, "ಟೀಚರೇ, ಹಿಂದಿನಿಂದ ಎರಡು ಕಾರ್ ತುಂಬ ಕಾಡು ಬರ್ತಾ ಉಂಟು" ಅಂದರು. ತಿರುಗಿ ನೋಡಿದರೆ ಎಲೆ ಚಿತ್ತಾರದ ಅಂಗಿಗಳು. ಕಿಟಕಿಯಿಂದ ಫಿರಂಗಿಯ ಗಾತ್ರದ ಲೆನ್ಸ್.

ಹಮೀದಾಕ ಮಾತಾಡದೆ ಗಾಡಿಯನ್ನು ಗುಂಡ್ಯಕ್ಕೆ ಓಡಿಸಿದರು. ಘಾಟಿ ಹತ್ತುವ ಲಾರಿಗಳೆಲ್ಲ ದಮ್ಮು ತೆಗೆದುಕೊಳ್ಳುವ ಜಾಗ. ನಾವು ಚಾ ಕುಡಿದೆವು. ಅವರೂ ಕುಡಿದರು. ನಮ್ಮನ್ನು ನೋಡಿಯೂ ನೋಡದ ಹಾಗೆ, ಗೋಡೆಗೆ ಒರಗಿ, ಎಲೆಗಳಾಗಿ ನಿಂತಿದ್ದರು. ಆ ಗೋಡೆಗೆ ಕಡುಹಳದಿ ಬಣ್ಣ ಬಳಿದಿತ್ತು.

ಹಮೀದಾಕ ಲೋಟ ಇಟ್ಟು, ಇಡೀ ಹೋಟೆಲಿಗೆ ಕೇಳುವ ಹಾಗೆ ನನಗೆ ಹೇಳಿದರು: "ಬೇಗ ಹೊರಡುವ ಟೀಚರೇ. ಘಾಟಿ ಮೇಲೆ ಮಾರನಹಳ್ಳಿ ದಾಟಿ ಎಡಗಡೆ ಅಲ್ಲವಾ ನಿಮ್ಮ ಹಕ್ಕಿ? ಮೊದಲು ಹೋದವರಿಗೆ ಸಿಗ್ತದೆ."

ನಾನು ಕಾನ್ವೆಂಟಿನಲ್ಲಿ ಕಲಿತವಳು, ಸುಳ್ಳು ಹೇಳಲಿಲ್ಲ. "ಓ ಡಿಯರ್, ಹಮೀದಾಕ!" ಅಂದೆ, ಅಷ್ಟೇ. ಎರಡು ಕಾರುಗಳೂ ಚಾ ಅರ್ಧಕ್ಕೆ ಬಿಟ್ಟು ಶಿರಾಡಿ ಘಾಟಿ ಹತ್ತಿದವು. ನಾವು ಇನ್ನೊಂದೊಂದು ಬನ್ಸ್ ತಿಂದು ಕಡಬದ ದಾರಿ ಹಿಡಿದೆವು.

ಕಡಬ

ರಬ್ಬರ್ ಎಲೆ ಉದುರಿ ಮುಗಿದ ಕಾಲ. ನೆಲವೆಲ್ಲ ಕಂದು, ಕೆಂಪು, ಬೂದಿ, ಅಲ್ಲಲ್ಲಿ ಬಿಸಿಲಿನ ಚುಕ್ಕೆ. ನತ್ತಿಂಗ ಗೂಡನ್ನೇ ಮಾಡುವುದಿಲ್ಲ. ಎಲೆಯ ಮೇಲೆ ಎರಡು ಮೊಟ್ಟೆಯಿಟ್ಟು, ಹಗಲೆಲ್ಲ ತಾನೂ ಒಂದು ಒಣ ಎಲೆಯಾಗಿ ಅದರ ಮೇಲೆ ಕೂರುತ್ತದೆ. ಕಾಲು ತಾಗುವವರೆಗೂ ಕದಲುವುದಿಲ್ಲ. ಅದನ್ನು ಹುಡುಕುವ ವಿಧಾನವೆಂದರೆ, ತುಳಿಯುವುದಕ್ಕೆ ಸ್ವಲ್ಪ ಮೊದಲು ನಿಲ್ಲುವುದು.

ಹಮೀದಾಕ ಜೀಪಿನಲ್ಲಿ ಉಳಿದರು. ನಾನು ಮುಂದೆ, ಊರುಗೋಲಿನಿಂದ ಎದುರಿನ ನೆಲ ತಡವುತ್ತ. ನನ್ನ ಭುಜ ಹಿಡಿದು ಕುಶಾಲಪ್ಪ ಹಿಂದೆ, ಕೊರಳಿಗೆ ಕ್ಯಾಮೆರಾ. ನನಗೆ ಮಂಡಿ ಇಲ್ಲ, ಅವನಿಗೆ ಕಣ್ಣಿಲ್ಲ. ಇಬ್ಬರೂ ಸೇರಿದರೆ ಅರ್ಧ ಮನುಷ್ಯ ಆಗುತ್ತಿದ್ದೆವು. ಒಂದು ಸಾಲು ಹೋದೆವು, ಬಂದೆವು. ಇನ್ನೊಂದು ಸಾಲು. ಪ್ರತಿ ಮರಕ್ಕೆ ಕಟ್ಟಿದ ಕರಟದಲ್ಲೂ ರಬ್ಬರ್ ಹಾಲು ತೊಟ್ಟಿಕ್ಕುತ್ತಿತ್ತು. "ಉಂಟಾ?" ಎಂದು ಅವನು. "ಇಲ್ಲ" ಎಂದು ನಾನು. ಬಿಸಿಲು ಏರಿತು. ಅವನು ಕೇಳುವುದನ್ನು ನಿಲ್ಲಿಸಿದ. ಭುಜದ ಮೇಲಿನ ಕೈ ಮಾತ್ರ ಭಾರವಾಗುತ್ತ ಬಂತು. ಇವನಿಗೆ ಏನೆಂದು ಹೇಳಿ ಹಿಂದೆ ಕರೆದುಕೊಂಡು ಹೋಗಲಿ ಎಂದು ನಾನು ವಾಕ್ಯ ಜೋಡಿಸುತ್ತಿದ್ದೆ. ಇಂಗ್ಲಿಷಿನಲ್ಲಿ ಬಹಳ ಚೆನ್ನಾಗಿ ಬರುತ್ತಿತ್ತು.

ಕಾಲೆತ್ತಿದೆ. ಒಂದು ಎಲೆ ಹಾರಿತು.

ಸದ್ದೇ ಇಲ್ಲ. ಸುಟ್ಟ ಕಾಗದ ಗಾಳಿಗೆ ಎದ್ದ ಹಾಗೆ ಎದ್ದು, ಸ್ವಲ್ಪ ಮುಂದೆ ಬಿದ್ದು, ರೆಕ್ಕೆ ಮುರಿದ ಹಾಗೆ ಒದ್ದಾಡತೊಡಗಿತು. ನನ್ನನ್ನು ನೋಡು, ನನ್ನ ಹಿಂದೆ ಬಾ ಎಂದು ನಾಟಕ. ನಾನು ಒಂದು ಕಾಲು ಗಾಳಿಯಲ್ಲಿಟ್ಟು "ಸಾರಿ" ಅಂದೆ, ಹಕ್ಕಿಗೆ.

"ಕಾಲು ಇಡಬೇಡ!" ಕುಶಾಲಪ್ಪನಿಗೆ ಗೊತ್ತಾಗಿತ್ತು. "ಹಿಂದೆ. ಹಿಂದೆ ಇಡು."

ನನ್ನ ಚಪ್ಪಲಿ ಇಳಿಯಬೇಕಿದ್ದ ಜಾಗದ ಪಕ್ಕದಲ್ಲೇ ಎರಡು ಮೊಟ್ಟೆ. ನಸುಗೆಂಪು ಕೆನೆಯ ಮೇಲೆ ಕಂದು ಮೋಡ. ರೆಪ್ಪೆ ಬಡಿದರೆ ಎಲೆಯಾಗುತ್ತಿದ್ದವು, ಮತ್ತೆ ಮೊಟ್ಟೆಯಾಗುತ್ತಿದ್ದವು.

ಅವನು ಮೆಲ್ಲಗೆ ಮಂಡಿಯೂರಿದ. "ಹೇಳು," ಅಂದ.

"ಏನನ್ನು?"

"ನಮಾನ್ ಮರಿಯೆ. ನೀನು ಹೇಳು. ನಾನು ನೋಡಬೇಕು."

ನಾನು ಶುರು ಮಾಡಿದೆ. ಬಿಟ್ಟು ಎಷ್ಟೋ ಕಾಲವಾಗಿತ್ತು. ನಾಲಿಗೆಯೇ ಹುಡುಕಿಕೊಂಡು ಹೋಯಿತು. ಕುಶಾಲಪ್ಪ ನೇರ ನೋಡಿದ, ಇಲ್ಲವೆಂದು ತಲೆಯಾಡಿಸಿದ. ಎಡಕ್ಕೆ ನೋಡಿದ. "ಎಲೆ. ಎಲೆ. ಎಲೆಯೇ ಕಾಣುದು." ನಾನು ನಿಧಾನ ಮಾಡಿದೆ. ಒಂದೊಂದು ಶಬ್ದದ ನಡುವೆ ಒಂದೊಂದು ಉಸಿರು. ಸಿಸ್ಟರ್ ಕೇಳಿದ್ದರೆ ಸ್ಕೇಲು ಮುರಿಯುತ್ತಿದ್ದರು. ಅತ್ತ ಹಕ್ಕಿಯ ಒದ್ದಾಟ ನಿಂತು, ಅದು ನಮ್ಮನ್ನೇ ನೋಡುತ್ತಿತ್ತು. ಪ್ರಾರ್ಥನೆಯ ಕೊನೆಯಲ್ಲಿ ಮರಣದ ಗಳಿಗೆಯ ಮಾತು ಬರುತ್ತದಲ್ಲ, ಅಲ್ಲಿಗೆ ಬಂದು ನಾನು ನಿಂತೇಬಿಟ್ಟೆ. ಇನ್ನುಳಿದದ್ದು ಆಮೆನ್ ಒಂದೇ.

ಕುಶಾಲಪ್ಪ ಮುಖವನ್ನು ಬಲಕ್ಕೆ ತಿರುಗಿಸಿ, ನನ್ನ ಚಪ್ಪಲಿಯನ್ನೇ ದಿಟ್ಟಿಸಿದ. ಬಹಳ ಗೌರವದಿಂದ, ಅದರ ಒಂದೊಂದು ಹೊಲಿಗೆಯನ್ನೂ ಓದುವ ಹಾಗೆ.

"ಓ," ಅಂದ. "ಎರಡು ಉಂಟು."

ಆಮೇಲೆ ಅವನೇ "ಆಮೆನ್" ಅಂದು, ನನ್ನ ಕೈ ಹಿಡಿದು ಎದ್ದು, ತಿರುಗಿದ. ಹಿಂದಕ್ಕೆ ನೋಡಲಿಲ್ಲ.

ಜೀಪಿನ ಹತ್ತಿರ ಹಮೀದಾಕ ಕೇಳಿದರು, "ಸಿಕ್ಕಿತಾ ಡಾಕ್ಟ್ರೇ? ಫೋಟೋ ಆಯ್ತಾ?"

"ಆಯ್ತು," ಎಂದ ಕುಶಾಲಪ್ಪ. "ಒಳ್ಳೆ ಬಂದಿದೆ."

ಅವನ ಎದೆಯ ಮೇಲೆ ಕ್ಯಾಮೆರಾ ನೇತಾಡುತ್ತಿತ್ತು. ಲೆನ್ಸಿನ ಮುಚ್ಚಳ ಬೆಳಗ್ಗೆ ಹಾಕಿದ ಹಾಗೆಯೇ ಇತ್ತು. ನಾನು ಜೀಪು ಹತ್ತಿ ಕಿಟಕಿಯ ಹೊರಗೆ ನೋಡಿದೆ. ಶಿರಾಡಿಯ ಮೇಲೆ ಎರಡು ಕಾರಿನ ಎಲೆಗಳು ಇನ್ನೂ ಹುಡುಕುತ್ತಿದ್ದಿರಬೇಕು.

ಮತ್ತೆ ಪುತ್ತೂರು ಸ್ಟೇಷನ್

ನನ್ನನ್ನು ಬೆಂಗಳೂರಿನ ರೈಲು ಹತ್ತಿಸಲು ಇಬ್ಬರೂ ಬಂದಿದ್ದರು. ಹಮೀದಾಕ ಬಾಳೆಎಲೆಯಲ್ಲಿ ಕಟ್ಟಿದ ಪತ್ತಿರಿ ಎಂಬ ಅಕ್ಕಿರೊಟ್ಟಿ ಕೊಟ್ಟು, ಇದಕ್ಕೆ ಮೊಟ್ಟೆ ಹಾಕಿಲ್ಲ, ಹೆದರಬೇಡಿ ಎಂದರು. "ಕಣ್ಣು ನೋಡಿಕೋ" ಎಂದು ನಾನು ಹೇಳಿದ್ದಕ್ಕೆ ಕುಶಾಲಪ್ಪ, "ಅದೇ ಅಲ್ಲವಾ ಆಗದ್ದು" ಎಂದು ನಕ್ಕ.

ನಾನು ಒಳಗೆ ಹೋಗಿ ಕಿಟಕಿಯ ಪಕ್ಕ ಕೂತೆ. ಅವನು ಪ್ಲಾಟ್‌ಫಾರ್ಮಿನಲ್ಲಿ, ಹಮೀದಾಕನ ಭುಜದ ಮೇಲೆ ಕೈಯಿಟ್ಟು, ನನ್ನ ಪಕ್ಕದ ಕಿಟಕಿಯನ್ನು ದಿಟ್ಟಿಸುತ್ತ ನಿಂತ. ಅಲ್ಲಿ ಹೊಸದಾಗಿ ಮದುವೆಯಾದ ಹೆಂಗಸೊಬ್ಬಳು ಕೂತಿದ್ದಳು. ಯಾರೋ ಮುದುಕ ತನ್ನನ್ನೇ ಹೀಗೆ ಎವೆಯಿಕ್ಕದೆ ನೋಡುತ್ತಿದ್ದಾನೆಂದು ಅವಳು ಸೆರಗು ಎಳೆದುಕೊಂಡಳು, ಗಂಡನಿಗೆ ತೋರಿಸಿದಳು. ಆ ಗಂಡ ದುರುಗುಟ್ಟಿ ನೋಡಿದ. ಹಮೀದಾಕ ಇವನ ಮುಖವನ್ನು ನನ್ನ ಕಡೆಗೆ ತಿರುಗಿಸಲು ಹೋದರು. ನಾನು ಕೈಯಾಡಿಸಿ ಬೇಡ ಎಂದೆ.

ಅವನ ತುಟಿಗಳು ಅಲ್ಲಾಡುತ್ತಿದ್ದವು. ನಾನೂ ಒಳಗೊಳಗೇ ಜೊತೆಗೆ ಹೇಳಿದೆ, ಈ ಸಲ ಎಳೆಯದೆ, ಅಮ್ಮ ಹೇಳುತ್ತಿದ್ದ ವೇಗದಲ್ಲಿ.

ಆಮೆನ್ ಅಂದಾಗ ರೈಲು ಇನ್ನೂ ಹೊರಟಿರಲಿಲ್ಲ. ಅವನು ತಿರುಗಿ, ಹಮೀದಾಕನ ಭುಜ ಹಿಡಿದು, ಗೇಟಿನ ಕಡೆಗೆ ನಡೆದುಹೋದ.